ಗಟ್ಟಿ ಲಿವರ್, ನಿಲ್ಲದ ಸೈಕಲ್

ರಾಡ್ ಬ್ರೇಕಿನ ಸೈಕಲ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬ್ರೇಕ್ ಲಿವರ್ ಬಲು ಗಟ್ಟಿ ಇರುತ್ತಿತ್ತು, ಸೈಕಲ್ ಮಾತ್ರ ನಿಲ್ಲುತ್ತಿರಲಿಲ್ಲ. ಹ್ಯಾಂಡಲ್ ಕೆಳಗಿನ ಲಿವರಿನಿಂದ ಚಕ್ರದವರೆಗೂ ಉಕ್ಕಿನ ಸರಳು. ನಡುವೆ ಕುಗ್ಗುವಂಥ ವಸ್ತುವೇ ಇಲ್ಲ. ಅಂಗೈಗೆ ಸಿಗುತ್ತಿದ್ದ ಆ ಬಿಗಿಯನ್ನು ಲಕ್ಷಗಟ್ಟಲೆ ರೂಪಾಯಿಯ, ಗಡಿಯಾರದ ವಿರುದ್ಧ ಒಂಟಿಯಾಗಿ ಓಡಿಸುವ ವೈರ್ ಬ್ರೇಕಿನ ಟೈಮ್ ಟ್ರಯಲ್ ಸೈಕಲ್‌ನಲ್ಲಿ ತರಿಸಬೇಕೆಂದರೆ ಅರ್ಧ ದಿನ ಕೆಳಗೆ ಕೂತು ಬೆವರಬೇಕು. ಹಾಗೆಂದು ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಆ ಬಿಗಿಯನ್ನು ನಂಬಿ ಇಳಿಜಾರಿನಲ್ಲಿ ಮೊಣಕಾಲು ಒಡೆದುಕೊಂಡವರನ್ನು ಕಂಡವನು ನಾನು.

ಈ ಕೆಲಸ ಕಲಿತದ್ದು ಜಮಖಂಡಿಯಲ್ಲಿ, ಸೋದರಮಾವನ ಸೈಕಲ್ ಅಂಗಡಿಯಲ್ಲಿ, 1970ರ ದಶಕದಲ್ಲಿ. ಆಗ ಅಂಗಡಿಗೆ ಬರುತ್ತಿದ್ದವು ಹೆಚ್ಚಿನಂಶ ಹೀರೋ, ಅಟ್ಲಾಸ್, ಹರ್ಕ್ಯುಲಿಸ್. ರ‍್ಯಾಲಿ ಇಟ್ಟವರು ಮೇಷ್ಟರೋ ವಕೀಲರೋ ಆಗಿರುತ್ತಿದ್ದರು. ರಿಪೇರಿಗಿಂತ ಬಾಡಿಗೆಯ ವ್ಯಾಪಾರವೇ ದೊಡ್ಡದು, ಗಂಟೆಗೆ 25 ಪೈಸೆ. ಬಾಡಿಗೆ ಸೈಕಲ್‌ಗಳ ಬ್ರೇಕ್ ಹೇಗಿರುತ್ತಿತ್ತೆಂದರೆ, ಗಿರಾಕಿ ಕೇಳಿದರೆ ಮಾವ 'ಕಾಲ ಅದಾವಲ್ಲೋ' ಎನ್ನುತ್ತಿದ್ದ. ಅದು ತಮಾಷೆಯಲ್ಲ. ಟೈರಿಗೂ ಫೋರ್ಕಿಗೂ ನಡುವೆ ಚಪ್ಪಲಿಯ ಅಟ್ಟೆ ಒತ್ತಿ ಸೈಕಲ್ ನಿಲ್ಲಿಸುವುದು ಊರಿನ ಎಲ್ಲ ಹುಡುಗರಿಗೂ ಬರುತ್ತಿತ್ತು. ರಾತ್ರಿ ಕಂದೀಲು ಇಲ್ಲದಿದ್ದರೆ, ಡಬಲ್ ಕೂರಿಸಿಕೊಂಡರೆ, ಪುರಸಭೆಯ ಬಿಲ್ಲೆ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಿದ್ದರು. ಬ್ರೇಕ್ ಇದೆಯೇ ಎಂದು ಒಬ್ಬ ಪೊಲೀಸನೂ ಒತ್ತಿ ನೋಡಿದ್ದನ್ನು ನಾನು ಕಾಣೆ.

ರಾಡ್ ಬ್ರೇಕಿನ ಕೆಲಸ ಹೀಗೆ. ಲಿವರ್ ಎತ್ತಿ ಹಿಡಿದರೆ ಸರಳು ಮೇಲಕ್ಕೆ ಸರಿಯುತ್ತದೆ. ಅದರ ತುದಿಯ ಯು ಆಕಾರದ ಪಟ್ಟಿಯಲ್ಲಿ ಎರಡು ರಬ್ಬರು. ಅವು ರಿಮ್ಮಿನ ಪಕ್ಕಕ್ಕಲ್ಲ, ಒಳಮೈಗೆ, ಅಂದರೆ ನಡುವಿನ ಹಬ್ಬಿನ ಕಡೆ ಮುಖ ಮಾಡಿದ ಭಾಗಕ್ಕೆ ಒತ್ತುತ್ತವೆ. ಹಿಂದಿನ ಚಕ್ರಕ್ಕಾದರೆ ಸರಳು ಹ್ಯಾಂಡಲ್‌ನಿಂದ ಇಳಿದು, ಕೀಲಿನಲ್ಲಿ ತಿರುಗಿ, ಫ್ರೇಮಿನ ಕೆಳಕೊಳವೆಗುಂಟ ಹೋಗಿ, ಪೆಡಲ್ ಅಚ್ಚಿನ ಹತ್ತಿರ ಇನ್ನೊಂದು ಕೀಲಿನಲ್ಲಿ ತಿರುಗಿ ಚಕ್ರ ಮುಟ್ಟಬೇಕು. ಒಂದೊಂದು ಕೀಲಿನಲ್ಲೂ ಒಂದಿಷ್ಟು ಸಡಿಲ. ಆ ಸಡಿಲವೆಲ್ಲ ಮುಗಿದ ಮೇಲೆ ಮಾತ್ರ ಲಿವರ್ ಗಟ್ಟಿಯಾಗುತ್ತದೆ. ಸರಳಿನ ಉದ್ದ ಹೊಂದಿಸುವ ನಟ್ಟನ್ನು ಪಾನಾದಿಂದ ಸಡಿಲಿಸಿ, ರಬ್ಬರನ್ನು ರಿಮ್ಮಿಗೆ ಕೂದಲೆಳೆ ಅಂತರದಲ್ಲಿ ನಿಲ್ಲಿಸಿ, ಮತ್ತೆ ಬಿಗಿಯುವುದು, ಇಷ್ಟೇ ಹೊಂದಾಣಿಕೆ. ಚಕ್ರ ಅಡ್ಡಕ್ಕೆ ಔಟ್ ಇದ್ದರೂ, ಅಂದರೆ ಓಲಾಡಿದರೂ, ಈ ಬ್ರೇಕಿಗೆ ಚಿಂತೆಯಿಲ್ಲ. ಮೇಲೆಕೆಳಗೆ ಔಟ್ ಇದ್ದರೆ ಮಾತ್ರ ಸುತ್ತಿಗೊಮ್ಮೆ ರಬ್ಬರು ಕಚ್ಚುತ್ತದೆ. ಆದ್ದರಿಂದ ನಾನು ಕಡ್ಡಿ ಬಿಗಿಯಲು ಕಲಿತದ್ದೇ ಉಲ್ಟಾ: ಮೊದಲು ಎತ್ತರ, ಆಮೇಲೆ ಅಡ್ಡ.

ನಿಲ್ಲದಿರುವುದಕ್ಕೆ ಕಾರಣ ಎರಡು. ಮೊದಲನೆಯದು ರಿಮ್. ಕ್ರೋಮಿಯಂ ಲೇಪಿಸಿದ ಉಕ್ಕು, ಮುಖ ನೋಡಿಕೊಳ್ಳುವಷ್ಟು ನುಣುಪು. ಒಣಗಿದ್ದಾಗಲೇ ಹಿಡಿತ ಅಷ್ಟಕ್ಕಷ್ಟೇ, ಒದ್ದೆಯಾದರೆ ಕೇಳಲೇಬೇಡಿ. ರಬ್ಬರು ಮೊದಲು ನೀರು ಒರೆಸಬೇಕು, ಚಕ್ರ ಹಲವು ಸುತ್ತು ಹೋದ ಮೇಲೆ ಹಿಡಿಯಬೇಕು. ಅಷ್ಟರಲ್ಲಿ ಸೈಕಲ್ ದಾರಿಗೆ ಅಡ್ಡ ನಿಂತ ಎಮ್ಮೆಯ ಬಳಿ ತಲುಪಿರುತ್ತದೆ. ಎರಡನೆಯದು ಸನ್ನೆಯ ಲೆಕ್ಕ. ಕೈ ಎಷ್ಟು ಸರಿದರೆ ರಬ್ಬರು ಎಷ್ಟು ಸರಿಯುತ್ತದೆ ಎಂಬುದರಲ್ಲಿ ಎಲ್ಲ ಇದೆ. ಕೈ ಹೆಚ್ಚು ದೂರ ಸರಿದು ರಬ್ಬರು ಸ್ವಲ್ಪ ಸರಿದರೆ ಬಲ ಹೆಚ್ಚುತ್ತದೆ. ಆದರೆ ಆಗ ಕೈಗೆ ಮೆತ್ತಗೆನಿಸುತ್ತದೆ. ಕೈ ಸರಿದಷ್ಟೇ ರಬ್ಬರೂ ಸರಿದರೆ ಲಿವರ್ ಗಟ್ಟಿ, ಒತ್ತಡ ಕಡಿಮೆ. ಗಟ್ಟಿತನವೂ ಹಿಡಿತವೂ ಒಂದೇ ಅಲ್ಲ. ಮಾವ ಓದಿದ್ದು ನಾಲ್ಕನೇ ಇಯತ್ತೆ, ಸನ್ನೆಯ ಸೂತ್ರವೇನೂ ಅವನಿಗೆ ಗೊತ್ತಿರಲಿಲ್ಲ. ಅಂಗಡಿಯ ಮುಂದೆ ಸೀಮೆಸುಣ್ಣದ ಗೆರೆ ಎಳೆದು, ಸೈಕಲ್ ಓಡಿಸಿಕೊಂಡು ಬಂದು ಗೆರೆಯ ಮೇಲೆ ಬ್ರೇಕ್ ಹಿಡಿದು, ಎಲ್ಲಿ ನಿಂತಿತೆಂದು ನೋಡುತ್ತಿದ್ದ. 'ಲಿವರ್ ಹೆಂಗ ಹತ್ತತೈತಿ ನೋಡಬ್ಯಾಡ, ಗಾಡಿ ಎಲ್ಲಿ ನಿಂತೈತಿ ಅದನ್ನ ನೋಡು' ಎನ್ನುತ್ತಿದ್ದ. ಇವತ್ತಿಗೂ ನನ್ನ ಪರೀಕ್ಷೆ ಅದೇ.

ಜಾತ್ರೆಯ ಸೈಕಲ್ ಶರ್ಯತ್ತಿಗೆ ಬರುವ ಹುಡುಗರಂತೂ ಇದ್ದ ಬ್ರೇಕನ್ನೂ ಬಿಚ್ಚಿಸಿಕೊಂಡು ಹೋಗುತ್ತಿದ್ದರು. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಚೈನ್ ಕವರ್, ಬೆಲ್ ಎಲ್ಲ ಕಳಚಿ, ಕೊನೆಗೆ ಸರಳುಗಳನ್ನೂ ಬಿಚ್ಚಿ ಅಂಗಡಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಇಟ್ಟು ಹೋಗುವರು. ತೂಕ ಕಡಿಮೆಯಾಗುತ್ತದೆಂಬುದು ಅವರ ಲೆಕ್ಕ. ಗಾಳಿಯ ವಿಚಾರ ಯಾರ ತಲೆಯಲ್ಲೂ ಇರಲಿಲ್ಲ. ಗೆದ್ದವನಿಗೆ ಬೆಳ್ಳಿಯ ಕಡಗವೋ ತಾಮ್ರದ ಕೊಡವೋ ಸಿಗುತ್ತಿತ್ತು. ಗೆದ್ದ ಮೇಲೆ ನಿಲ್ಲಿಸಲು ಗೆಳೆಯರು ಅಡ್ಡ ಓಡಿಬಂದು ಹಿಡಿಯಬೇಕಿತ್ತು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ರಾಜ್ಯಕ್ಕೆ ಇಷ್ಟೊಂದು ಸೈಕಲ್ ಪಟುಗಳು ಬಂದದ್ದಕ್ಕೆ ಈ ಜಾತ್ರೆಗಳೂ ಒಂದು ಕಾರಣ. ಸರ್ಕಾರದ ಕ್ರೀಡಾ ವಸತಿ ನಿಲಯಗಳು ಬಂದದ್ದು ಆಮೇಲೆ.

ವೈರ್ ಬ್ರೇಕಿನ ಸೈಕಲ್ ಅಂಗಡಿಗೆ ಬರತೊಡಗಿದಾಗ ಹಳಬರು ಅದನ್ನು ನಂಬಲಿಲ್ಲ. ಲಿವರ್ ಹಿಡಿದರೆ ಹಸಿ ಹಿಟ್ಟು ಹಿಚುಕಿದ ಹಾಗೆ ಒಳಗೆ ಹೋಗುತ್ತಿತ್ತು. 'ಇದಕ್ಕ ದಮ್ ಇಲ್ಲ' ಎಂದು ತೀರ್ಪು ಕೊಟ್ಟರು. ಆದರೆ ಗೆರೆಯ ಪರೀಕ್ಷೆಯಲ್ಲಿ ವೈರ್ ಬ್ರೇಕೇ ಮುಂದೆ. ರಬ್ಬರು ರಿಮ್ಮಿನ ಎರಡೂ ಪಕ್ಕ ಹಿಡಿಯುತ್ತಿತ್ತು, ಸನ್ನೆಯ ಬಲವೂ ಹೆಚ್ಚಿತ್ತು. ಮುಂದೆ ಅಲ್ಯೂಮಿನಿಯಂ ರಿಮ್ ಬಂದ ಮೇಲಂತೂ ಮಳೆಯಲ್ಲೂ ಒಂದಿಷ್ಟು ಧೈರ್ಯ ಬಂತು. ನನ್ನನ್ನು ಕೇಳಿದರೆ ಸಾಮಾನ್ಯರ ಸೈಕಲ್‌ಗೆ ಕಳೆದ ಐವತ್ತು ವರ್ಷಗಳಲ್ಲಿ ಆದ ದೊಡ್ಡ ಉಪಕಾರ ಗೇರಲ್ಲ, ಅಲ್ಯೂಮಿನಿಯಂ ರಿಮ್.

ಆ ಮೆತ್ತಗಿನ ಲಿವರಿಗೆ ಕಾರಣ ತಂತಿಯಲ್ಲ, ತಂತಿಯ ಹೊರಕವಚ. ನಾವೆಲ್ಲ ಔಟರ್ ಎನ್ನುವ ಆ ಕೊಳವೆ. ಅದನ್ನು ಉದ್ದಕ್ಕೆ ಸೀಳಿ ನೋಡಿದರೆ ಒಳಗೆ ಚಪ್ಪಟೆ ಉಕ್ಕಿನ ಪಟ್ಟಿ ಸುರುಳಿ ಸುತ್ತಿರುವುದು ಕಾಣುತ್ತದೆ. ಅಂದರೆ ಅದು ಒತ್ತಾಗಿ ಸುತ್ತಿದ ಸ್ಪ್ರಿಂಗು. ಲಿವರ್ ತಂತಿಯನ್ನು ಎಳೆಯುವಾಗ ಅಷ್ಟೇ ಬಲ ಔಟರನ್ನು ಎರಡು ತುದಿಯಿಂದ ಅಮುಕುತ್ತದೆ. ಸುರುಳಿಗಳ ನಡುವಿನ ಸಣ್ಣ ಸಣ್ಣ ಸಂದುಗಳು ಮುಚ್ಚಿಕೊಳ್ಳುತ್ತವೆ. ತಿರುವಿನಲ್ಲಿ ಹೊರಮಗ್ಗುಲಿನ ಸಂದು ಇನ್ನೂ ಹಿಗ್ಗಿರುತ್ತದೆ. ಕೈ ಸರಿದದ್ದರಲ್ಲಿ ಒಂದು ಪಾಲು ಚಕ್ರಕ್ಕೆ ತಲುಪದೆ ಇಲ್ಲೇ ಖರ್ಚಾಗುತ್ತದೆ. ತಂತಿ ಎಳೆದು ಎಳೆದು ಉದ್ದವಾಗುತ್ತದೆ ಎಂದು ಎಲ್ಲ ಅಂಗಡಿಯವರೂ ಹೇಳುತ್ತಾರೆ. ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ ಕೈಯ ಬಲಕ್ಕೆ ಲೆಕ್ಕಕ್ಕೆ ಸಿಗುವಷ್ಟು ಉದ್ದವಾಗುವುದಿಲ್ಲ. ಹೊಸ ಔಟರಿನ ತುದಿ ತನ್ನ ಟೊಪ್ಪಿಯೊಳಗೆ ಸರಿಯಾಗಿ ಕೂರುತ್ತದೆ, ಅಷ್ಟೇ. ಆ ಕೂರುವಿಕೆಯನ್ನೇ ತಂತಿ ಉದ್ದವಾಯಿತು ಎನ್ನುತ್ತಾರೆ.

ಮಾವ ಔಟರನ್ನು ಪಕ್ಕಡ್‌ನಿಂದ ಕಡಿಯುತ್ತಿದ್ದ. ತುದಿ ಚಪ್ಪಟೆಯಾಗಿ, ಸುರುಳಿಯ ಒಂದು ಮೂಗು ಒಳಕ್ಕೆ ಬಾಗಿ ತಂತಿಯನ್ನು ಕೆರೆಯುತ್ತಿತ್ತು. ಅದಕ್ಕೆ ಮದ್ದೆಂದು ಎಣ್ಣೆ ಬಿಡುತ್ತಿದ್ದ. ಎಣ್ಣೆಗೆ ಧೂಳು ಹತ್ತಿ ಬೇಸಿಗೆಯ ಹೊತ್ತಿಗೆ ತಂತಿ ಹಿಡಿದುಕೊಳ್ಳುತ್ತಿತ್ತು. ಕೈಯಲ್ಲಿ ಕಸುಬಿದ್ದ ಮನುಷ್ಯ, ಚಕ್ರದ ಔಟ್ ತೆಗೆಯುವುದರಲ್ಲಿ ಅವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಅವನದು ತಪ್ಪು ಪದ್ಧತಿ. ಹರಿತವಾದ ಕಟರ್‌ನಿಂದ ಒಂದೇ ಏಟಿಗೆ ಕತ್ತರಿಸಿ, ತುದಿಯನ್ನು ಕಾನಸಿನಿಂದ ಉಜ್ಜಿ ಸಪಾಟು ಮಾಡಿ, ಒಳಗಿನ ಪ್ಲಾಸ್ಟಿಕ್ ನಳಿಗೆಯ ಬಾಯನ್ನು ದಬ್ಬಳದಿಂದ ಬಿಡಿಸುವುದನ್ನು ನಾನು ಕಲಿತದ್ದು ಬೆಂಗಳೂರಿಗೆ ಬಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಅಲ್ಲಿ ಸಪಾಟು ಎಂದರೆ ಕಣ್ಣಿನ ಅಂದಾಜಲ್ಲ, ಮಟ್ಟಗೋಲಿಟ್ಟು ಬೆಳಕಿಗೆ ಹಿಡಿದು ನೋಡುವುದು.

ಅತ್ತ ಯುರೋಪು, ಜಪಾನುಗಳಲ್ಲಿ ಆ ಹೊತ್ತಿಗೆ ಬ್ರೇಕನ್ನು ಗಾಳಿಯಿಂದ ಬಚ್ಚಿಡುವ ಆಟ ಶುರುವಾಗಿತ್ತು. 1980ರ ದಶಕದ ಆರಂಭದಲ್ಲಿ ಜಪಾನಿನ ಶಿಮಾನೊ ಡ್ಯೂರಾ-ಏಸ್ ಎಎಕ್ಸ್ ಎಂಬ ಸರಣಿ ತಂದಿತು. ಬ್ರೇಕಿನಿಂದ ಪೆಡಲಿನವರೆಗೆ ಎಲ್ಲವೂ ಗಾಳಿ ಸೀಳುವ ಆಕಾರದವು. ಬಹಳ ದಿನ ನಡೆಯಲಿಲ್ಲ. ದಶಕದ ನಡುವಿನಲ್ಲಿ ಇಟಲಿಯ ಕ್ಯಾಂಪಾನ್ಯೊಲೊ ಡೆಲ್ಟಾ ಬ್ರೇಕ್ ತಂದಿತು. ತ್ರಿಕೋನದ ನುಣ್ಣನೆಯ ಮುಚ್ಚಳ, ಒಳಗೆ ನಾಲ್ಕು ಕಡ್ಡಿಗಳ ಮಡಚುವ ಚೌಕಟ್ಟು. ತಂತಿ ನಡುವಿನಿಂದ ಎಳೆದರೆ ಚೌಕಟ್ಟು ಮಡಚಿಕೊಂಡು ತೋಳುಗಳನ್ನು ಚಕ್ರಕ್ಕೆ ಒತ್ತುತ್ತದೆ. ವಿದೇಶದಿಂದ ಮರಳಿದ ಒಬ್ಬರ ಸೈಕಲ್‌ನಲ್ಲಿ ಅದನ್ನು ಕೈಯಾರೆ ಬಿಚ್ಚಿ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಅಷ್ಟು ಚೆಂದದ ಇನ್ನೊಂದು ಬ್ರೇಕನ್ನು ನಾನು ಕಂಡಿಲ್ಲ. ಅಷ್ಟು ಕಾಟದ್ದನ್ನೂ ಕಂಡಿಲ್ಲ. ಆ ಚೌಕಟ್ಟು ಮಡಚಿದಷ್ಟೂ ಸನ್ನೆಯ ಲೆಕ್ಕ ಬದಲಾಗುತ್ತ ಹೋಗುತ್ತದೆ. ಪ್ಯಾಡ್ ಸ್ವಲ್ಪ ಸವೆದರೆ ನಿನ್ನೆಯ ಬ್ರೇಕ್ ಇವತ್ತಿನದಲ್ಲ. ತಂತಿ ಹಿಡಿಯುವ ತಿರುಪಿಗೆ 3.5 ಮಿಲಿಮೀಟರಿನ ಆಲನ್ ಕೀ ಬೇಕು, ಅದು ಸಾಮಾನ್ಯ ಸೆಟ್ಟಿನಲ್ಲಿ ಇರುವುದೇ ಇಲ್ಲ. ತೂಕವೂ ಹೆಚ್ಚು. 1990ರ ದಶಕ ಶುರುವಾಗುತ್ತಲೇ ಕ್ಯಾಂಪಾನ್ಯೊಲೊ ಅದನ್ನು ಕೈಬಿಟ್ಟಿತು. ಅದೇ ಹೊತ್ತಿಗೆ ಶಿಮಾನೊ ಎರಡು ಕೀಲಿನ ಸಾದಾ ಕ್ಯಾಲಿಪರ್, ಅಂದರೆ ಎರಡು ತೋಳಿನ ಬ್ರೇಕ್, ತಂದು ಎಲ್ಲರ ಬಾಯಿ ಮುಚ್ಚಿಸಿತು. ನೋಡಲು ಏನೂ ಇಲ್ಲ, ಗೆರೆಯ ಮೇಲೆ ನಿಲ್ಲುತ್ತದೆ.

ಆದರೂ ಗಾಳಿಯ ಹುಚ್ಚು ಬಿಡಲಿಲ್ಲ. ಅದಕ್ಕೆ ಕಾರಣ ತುಸು ಹಿಂದಿನದು. 1989ರ ಟೂರ್ ದ ಫ್ರಾನ್ಸ್‌ನ ಕೊನೆಯ ದಿನ, 24.5 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಗ್ರೆಗ್ ಲೆಮಾಂಡ್ ಮುಂಚಾಚಿದ ಹ್ಯಾಂಡಲ್ ಮೇಲೆ ಮೈ ಬಗ್ಗಿಸಿ ಓಡಿಸಿ, ಲೊರಾಂ ಫಿನ್ಯೋನ್ ಎದುರು ಒಟ್ಟು 8 ಸೆಕೆಂಡ್‌ಗಳಿಂದ ಟೂರ್ ಗೆದ್ದ. ಮೂರು ವಾರದ ಸ್ಪರ್ಧೆ 8 ಸೆಕೆಂಡಿನಲ್ಲಿ ತೀರ್ಮಾನವಾದ ಮೇಲೆ ಗಾಳಿಗೆ ಸಿಗುವ ಪ್ರತಿ ತಿರುಪೂ ಎಂಜಿನಿಯರುಗಳ ಕಣ್ಣು ಚುಚ್ಚತೊಡಗಿತು. ಗಾಳಿಯ ತಡೆಯಲ್ಲಿ ಬಹುಪಾಲು ಸವಾರನ ಮೈಯದೇ, ಬ್ರೇಕಿನದು ಚಿಲ್ಲರೆ. ಆದರೆ ಮೈ ಬಗ್ಗಿಸಲು ಅಭ್ಯಾಸ ಬೇಕು, ಬ್ರೇಕ್ ಕೊಳ್ಳಲು ದುಡ್ಡು ಸಾಕು.

ಬೆಂಗಳೂರಿನಲ್ಲಿ ಇಂಥ ಸೈಕಲ್‌ಗಳು ನನ್ನ ಕೈಗೆ ಬರತೊಡಗಿದ್ದು ನಿವೃತ್ತಿಯ ಆಸುಪಾಸಿನಲ್ಲಿ. 2008ರಲ್ಲಿ ಟೂರ್ ಆಫ್ ನೀಲಗಿರೀಸ್ ಶುರುವಾದ ಮೇಲೆ ಸಾಫ್ಟ್‌ವೇರಿನ ಹುಡುಗರು ರೋಡ್ ಬೈಕ್ ಕೊಂಡರು, ನಂದಿ ಬೆಟ್ಟ ಹತ್ತಿದರು. ಅವರಲ್ಲಿ ಕೆಲವರು ಟ್ರಯಥ್ಲಾನ್ ಕಡೆ ಹೊರಳಿದರು. 2019ರಲ್ಲಿ ಗೋವಾದಲ್ಲಿ ಐರನ್‌ಮ್ಯಾನ್ 70.3 ಬಂದಾಗ 90 ಕಿ.ಮೀ. ಸೈಕಲ್ ಭಾಗಕ್ಕೆಂದು ಟಿಟಿ, ಅಂದರೆ ಟೈಮ್ ಟ್ರಯಲ್, ಸೈಕಲ್‌ಗಳು ಇನ್ನೂ ಹೆಚ್ಚಿದವು. ಇವುಗಳಲ್ಲಿ ಬ್ರೇಕ್ ಎಲ್ಲಿದೆ ಎಂದು ಮೊದಲು ಹುಡುಕಬೇಕು. ಟ್ರೆಕ್‌ನ ರಿಮ್ ಬ್ರೇಕಿನ ಸ್ಪೀಡ್ ಕಾನ್ಸೆಪ್ಟ್‌ನಲ್ಲಿ ಹಿಂದಿನ ಬ್ರೇಕ್ ಪೆಡಲ್ ಅಚ್ಚಿನ ಕೆಳಗೆ ಅಡಗಿದೆ. ರಸ್ತೆಯ ಕೆಸರೆಲ್ಲ ಮೊದಲು ಬೀಳುವುದು ಅಲ್ಲೇ. ಸರ್ವೆಲೊ ಕಂಪನಿ 2012ರ ಪಿ5ನಲ್ಲಿ ತಂತಿಯ ಗೊಡವೆಯೇ ಬೇಡವೆಂದು ಮಗುರಾದ ಹೈಡ್ರಾಲಿಕ್ ರಿಮ್ ಬ್ರೇಕ್ ಹಾಕಿತು. ಎಣ್ಣೆಗೆ ತಿರುವಿನ ಲೆಕ್ಕವಿಲ್ಲ, ಆದ್ದರಿಂದ ಲಿವರ್ ಗಟ್ಟಿ. ಆದರೆ ಒಳಗೆ ಗಾಳಿಯ ಗುಳ್ಳೆ ಸೇರಿದರೆ ಅಷ್ಟೇ ಮೆತ್ತಗೆ. ಟ್ರೈರಿಗ್ ಒಮೆಗಾ ಎಂಬ ಸಣ್ಣ ಬ್ರೇಕಿನಲ್ಲಿ ತಂತಿ ನಡುವೆ ಇಳಿದು ಒಂದು ಬೆಣೆಯನ್ನು ಎಳೆಯುತ್ತದೆ. ಬೆಣೆ ಎರಡು ತೋಳುಗಳ ಮೇಲ್ತುದಿಯನ್ನು ಬೇರ್ಪಡಿಸಿದಾಗ ಕೆಳತುದಿಯ ಪ್ಯಾಡುಗಳು ರಿಮ್ ಹಿಡಿಯುತ್ತವೆ. ಮುಂದೆ ಒಂದು ಮುಚ್ಚಳ. ಇದು ಬುದ್ಧಿವಂತರ ಕೆಲಸ, ನನಗೆ ಹಿಡಿಸಿತು.

ತಂಗಿಯ ಮಗ ಬಾಗಲಕೋಟೆಯಿಂದ ಒಂದು ಸೆಕೆಂಡ್‌ಹ್ಯಾಂಡ್ ಟಿಟಿ ಸೈಕಲ್ ತಂದು ನನ್ನ ಗ್ಯಾರೇಜಿನಲ್ಲಿ ನಿಲ್ಲಿಸಿದ. ರೈಲ್ವೆಯಲ್ಲಿ ಕ್ರೀಡಾ ಕೋಟಾದ ನೌಕರಿಗೆ ಕಣ್ಣಿಟ್ಟವನು.

'ಮಾಮಾ, ಹಿಂದಿನ ಬ್ರೇಕ್ ಹ್ಯಾಂಡಲ್‌ತನಕಾ ಬರಾಕತ್ತೈತ್ರಿ.'

'ಔಟರ್ ಯಾವಾಗ ಬದಲ್ ಮಾಡಿಸಿದ್ದಿ?'

'ಔಟರ್ ಅಲ್ರಿ, ಬ್ರೇಕೇ ಹೊಸಾದ್ ತರಿಸೀನಿ.'

ಎಲ್ಲರೂ ಹೇಳುವುದು ಇದನ್ನೇ. ಮೆತ್ತಗಿನ ಲಿವರಿಗೆ ಮದ್ದೆಂದು ದುಬಾರಿ ಬ್ರೇಕ್ ತರಿಸುತ್ತಾರೆ, ಹಳೆಯ ಔಟರಿಗೇ ಜೋಡಿಸುತ್ತಾರೆ. ಆ ಸೈಕಲ್‌ನಲ್ಲಿ ಹಿಂದಿನ ತಂತಿ ಲಿವರಿನಿಂದ ಹೊರಟು ಕಾರ್ಬನ್ ಹ್ಯಾಂಡಲಿನ ಒಳಗೆ ನುಗ್ಗಿ, ನಡುವಿನ ಸ್ಟೆಮ್ ಬಳಿ ಹೆಚ್ಚುಕಡಿಮೆ ಲಂಬಕೋನದಲ್ಲಿ ತಿರುಗಿ, ಫ್ರೇಮಿನೊಳಗೆ ಇಳಿದು, ಪೆಡಲ್ ಅಚ್ಚಿನ ಹತ್ತಿರ ಹೊರಬಂದು ಇನ್ನೊಮ್ಮೆ ತಿರುಗುತ್ತಿತ್ತು. ಎರಡು ತಿರುವುಗಳಲ್ಲೂ ಔಟರ್ ಮುರಿಯುವಷ್ಟು ಬಾಗಿತ್ತು. ಹೊರಗೆ ಕಾಣದ್ದನ್ನು ಯಾರು ಬಿಚ್ಚಿ ನೋಡುತ್ತಾರೆ?

ಬಿಚ್ಚುವ ಮುಂಚೆ ಮೊದಲು ನೋಡಬೇಕಾದ್ದು ಲಿವರಿಗೂ ಬ್ರೇಕಿಗೂ ಜಾತಕ ಕೂಡುತ್ತದೆಯೇ ಎಂದು. ಲಿವರ್ ಒಮ್ಮೆ ಒತ್ತಿದರೆ ಎಷ್ಟು ತಂತಿ ಎಳೆಯುತ್ತದೆ ಎಂಬುದು ಎಲ್ಲದರಲ್ಲೂ ಒಂದೇ ಅಲ್ಲ. ಶಿಮಾನೊ ತಾನೇ ಈ ಅಳತೆಯನ್ನು ನಡುವೆ ಬದಲಿಸಿದೆ. ಹೆಚ್ಚು ತಂತಿ ಎಳೆಯುವ ಹೊಸ ಲಿವರಿಗೆ ಹಳೆಯ ಕ್ಯಾಲಿಪರ್ ಕಟ್ಟಿದರೆ ಕೈಗೆ ಗಟ್ಟಿ, ಚಕ್ರಕ್ಕೆ ಬಲವಿಲ್ಲ. ನನ್ನ ಮಾವನ ರಾಡ್ ಬ್ರೇಕಿನ ಕತೆಯೇ. ಹಳೆಯ ಲಿವರಿಗೆ ಹೊಸ ಕ್ಯಾಲಿಪರ್ ಕಟ್ಟಿದರೆ ಲಿವರ್ ಬಹಳ ದೂರ ಬರುತ್ತದೆ, ಆಮೇಲೆ ತಟ್ಟನೆ ಹಿಡಿಯುತ್ತದೆ. ಇದನ್ನು ತಿರುಪು ತಿರುಗಿಸಿ ಸರಿಪಡಿಸಲು ಬರುವುದಿಲ್ಲ.

ಅವನ ಸೈಕಲ್‌ನಲ್ಲಿ ಜೋಡಿ ಸರಿಯಿತ್ತು. ಹಳೆಯ ತಂತಿ, ಔಟರ್ ಎರಡನ್ನೂ ಎಳೆದು ಬಿಸಾಕಿದೆವು. ಹುಡುಗ ಗೇರಿನ ಔಟರ್ ಒಂದನ್ನು ಕೈಯಲ್ಲಿ ಹಿಡಿದು 'ಇದು ಕುಗ್ಗೂದಿಲ್ಲಲ್ರಿ, ಇದನ್ನ ಹಾಕೂಣೇನ್ರಿ?' ಎಂದ. ಅವನ ಮಾತು ಅರ್ಧ ಸರಿ. ಗೇರಿನ ಔಟರಿನಲ್ಲಿ ಉಕ್ಕಿನ ಎಳೆಗಳು ಸುರುಳಿಯಾಗಿಲ್ಲ, ಉದ್ದಕ್ಕೆ ಮಲಗಿವೆ. ಆದ್ದರಿಂದ ಕುಗ್ಗುವುದಿಲ್ಲ. ಆದರೆ ಅವನ್ನು ಹಿಡಿದಿಟ್ಟಿರುವುದು ಬರೀ ಪ್ಲಾಸ್ಟಿಕ್ ಸಿಪ್ಪೆ. ಬ್ರೇಕಿನ ಬಲಕ್ಕೆ ಆ ಸಿಪ್ಪೆ ಸೀಳಿ ಎಳೆಗಳು ಹೊರಗೆ ಹರಡಿಕೊಳ್ಳಬಹುದು, ಅದೂ ಬ್ರೇಕ್ ಅತ್ಯಂತ ಬೇಕಾದ ಗಳಿಗೆಯಲ್ಲಿ. ಗೇರಿನ ಔಟರನ್ನು ಬ್ರೇಕಿಗೆ ಎಂದೂ ಹಾಕಬಾರದು. ಬ್ರೇಕಿಗೆಂದೇ ಮಾಡಿದ ಕುಗ್ಗದ ಔಟರ್ ಸಿಗುತ್ತದೆ. ಅದರಲ್ಲೂ ಎಳೆಗಳು ಉದ್ದಕ್ಕೇ ಇರುತ್ತವೆ, ಮೇಲೆ ಕೆವ್ಲಾರ್ ಥರದ ಗಟ್ಟಿ ನಾರಿನ ಹೆಣಿಗೆ ಇರುತ್ತದೆ. ಅಲ್ಯೂಮಿನಿಯಂ ಮಣಿಗಳನ್ನು ಒಂದಕ್ಕೊಂದು ಪೋಣಿಸಿ ಮಾಡಿದ್ದೂ ಇದೆ. ಅದು ಬಿಗಿ ತಿರುವಿಗೂ ಒಪ್ಪುತ್ತದೆ, ಬೆಲೆ ಮಾತ್ರ ಜಾಸ್ತಿ.

ಉದ್ದದ ವಿಷಯದಲ್ಲಿ ಜಿಪುಣತನವೂ ಬೇಡ, ಧಾರಾಳವೂ ಬೇಡ. ಹ್ಯಾಂಡಲ್ ಎಡಬಲ ಪೂರ್ತಿ ತಿರುಗಿಸಿದಾಗ ಔಟರ್ ಎಳೆದುಕೊಳ್ಳಬಾರದು, ನೆಟ್ಟಗಿದ್ದಾಗ ಡೊಂಕು ಹೊಟ್ಟೆ ಬಿಡಬಾರದು. ಫ್ರೇಮಿನೊಳಗೆ ಔಟರ್ ನಿಲ್ಲಲು ತಡೆ ಇದ್ದರೆ ಅಲ್ಲಿಗೇ ನಿಲ್ಲಿಸಿ, ನಡುವಿನ ನೇರ ದಾರಿಯಲ್ಲಿ ಬರೀ ತಂತಿ ಓಡಿಸುವುದೇ ಮೇಲು. ಇಲ್ಲದ ಔಟರ್ ಕುಗ್ಗುವುದಿಲ್ಲ. ಪ್ರತಿ ತುದಿಯನ್ನೂ ಉಜ್ಜಿ ಸಪಾಟು ಮಾಡಿ, ಟೊಪ್ಪಿ ಹಾಕಿ, ಅದು ತಡೆಯಲ್ಲಿ ಅಲುಗಾಡದೆ ಕೂತಿದೆಯೇ ಎಂದು ಉಗುರಿನಿಂದ ನೂಕಿ ನೋಡಬೇಕು. ಈ ಕೆಲಸಕ್ಕೆ ಹೋಗುವ ಹೊತ್ತೇ ಹೆಚ್ಚು. ಬ್ರೇಕ್ ಕೂರಿಸುವುದಕ್ಕೆ ಅಷ್ಟು ಹೊತ್ತು ಬೇಡ.

ಕೂರಿಸುವಾಗ ಫೋರ್ಕಿನ ತೂತಿನ ಸುತ್ತ ಬಣ್ಣದ ಗಂಟು, ಮಣ್ಣು ಇರಬಾರದು. ಅದರ ಮೇಲೆ ಬಿಗಿದರೆ ಬ್ರೇಕ್ ಪ್ರತಿ ಹಿಡಿತಕ್ಕೂ ಕದಲುತ್ತದೆ, ಕೈಗೆ ಅದೂ ಮೆತ್ತಗೆ ಅನಿಸುತ್ತದೆ. ಚಕ್ರ ಫೋರ್ಕಿನಲ್ಲಿ ಪೂರ್ತಿ ಒಳಗೆ ಕೂತಿರಬೇಕು, ಔಟ್ ತೆಗೆದಿರಬೇಕು. ಇಲ್ಲಿ ಅಡ್ಡ ಔಟೇ ಮುಖ್ಯ. ಜಮಖಂಡಿಯಲ್ಲಿ ಕಲಿತದ್ದನ್ನು ನಾನು ಇಲ್ಲಿ ತಿರುಗಿಸಿಕೊಂಡೆ. ಪ್ಯಾಡ್ ರಿಮ್ಮಿನ ಹಿಡಿಯುವ ಪಟ್ಟಿಯ ಮೇಲೆ ಪೂರ್ತಿ ಬೀಳಬೇಕು. ಮೇಲೇರಿದರೆ ಟೈರು ಕೊಯ್ಯುತ್ತದೆ, ಕೆಳಗಿಳಿದರೆ ಪ್ಯಾಡಿನಲ್ಲಿ ತುಟಿ ಬೆಳೆದು ರಿಮ್ಮಿಗೆ ಸಿಕ್ಕಿಕೊಳ್ಳುತ್ತದೆ. ಕಿರುಚದಿರಲೆಂದು ಪ್ಯಾಡಿನ ಮುಂದಿನ ತುದಿ ಮೊದಲು ತಾಗುವಂತೆ ತುಸು ಓರೆ ಇಡುವ ಪದ್ಧತಿಯಿದೆ. ಮಾವ ಅದಕ್ಕೆ ಮಡಿಸಿದ ಪೋಸ್ಟ್ ಕಾರ್ಡಿನ ಚೂರು ಇಡುತ್ತಿದ್ದ, ನಾನು ವಿಸಿಟಿಂಗ್ ಕಾರ್ಡ್ ಇಡುತ್ತೇನೆ. ಆದರೆ ಓರೆ ಹೆಚ್ಚಾದರೆ, ಪ್ಯಾಡ್ ಪೂರ್ತಿ ತಾಗುವವರೆಗೆ ತೋಳು ತಿರುಚಿಕೊಳ್ಳಬೇಕಾಗುತ್ತದೆ, ಲಿವರ್ ಮೆತ್ತಗಾಗುತ್ತದೆ. ಗಟ್ಟಿ ಲಿವರ್ ಬೇಕೆನ್ನುವವರು ಸಮತಟ್ಟಾಗಿಟ್ಟು, ಕಿರುಚಿದರಷ್ಟೇ ಕೂದಲೆಳೆ ಓರೆ ಕೊಡಲಿ.

ಆಮೇಲೆ ತಂತಿ ಬಿಗಿದು, ಸೈಕಲ್ ನಿಂತಲ್ಲೇ ಲಿವರನ್ನು ಇದ್ದ ಬಲವೆಲ್ಲ ಹಾಕಿ ಮೇಲಿಂದ ಮೇಲೆ ಹಿಚುಕಬೇಕು. ಟೊಪ್ಪಿಗಳು ಕೂರುತ್ತವೆ, ಲಿವರ್ ಸಡಿಲವಾಗುತ್ತದೆ. ತಂತಿ ಬಿಚ್ಚಿ ಮತ್ತೆ ಎಳೆದು ಬಿಗಿಯಬೇಕು. ದಾರಿಯಲ್ಲಿ ಆಗಬೇಕಾದ ಸಡಿಲವನ್ನು ಅಂಗಡಿಯಲ್ಲೇ ಮುಗಿಸುವುದು ಇದು. ತಂತಿ ಹಿಡಿಯುವ ಬೋಲ್ಟಿಗೆ ಶಿಮಾನೊ ತನ್ನ ಸಾದಾ ಕ್ಯಾಲಿಪರುಗಳಲ್ಲಿ 6ರಿಂದ 8 ನ್ಯೂಟನ್ ಮೀಟರ್ ಬಿಗಿ ಹೇಳುತ್ತದೆ. ಪುಟ್ಟ ಏರೋ ಬ್ರೇಕುಗಳಲ್ಲಿ ತಯಾರಕರು ಹೇಳಿದ್ದನ್ನು ಓದಿಕೊಂಡೇ ಬಿಗಿಯಬೇಕು. ಮಾವನ ಪಾನಾದ ಅಳತೆ, ಅಂದರೆ 'ಇನ್ನ ತಿರಗಂಗಿಲ್ಲ ಅನ್ನೂತನಕಾ', ಇಲ್ಲಿ ನಡೆದರೆ ಬೋಲ್ಟಿನ ಮರೆ ಕಿತ್ತು ಬರುತ್ತದೆ.

ಈ ಗುಪ್ತ ಬ್ರೇಕುಗಳ ನಿಜವಾದ ಪೀಡೆ ಚಕ್ರ ಬದಲಿಸುವಾಗ. ಹಿಂದೆ ರೇಸ್ ರಿಮ್ಮುಗಳು 20 ಮಿಲಿಮೀಟರ್ ಆಸುಪಾಸಿನ ಅಗಲ ಇದ್ದವು. 2010ರ ದಶಕದಲ್ಲಿ 25 ದಾಟಿದವು. ಅಭ್ಯಾಸಕ್ಕೆ ಕಿರಿದಾದ ಅಲ್ಯೂಮಿನಿಯಂ ಚಕ್ರ, ಸ್ಪರ್ಧೆಗೆ ಅಗಲದ ಕಾರ್ಬನ್ ಚಕ್ರ ಹಾಕುವವನು ಪ್ರತಿ ಸಲ ಪ್ಯಾಡಿನ ಹಿಂದಿನ ವಾಷರ್ ಲೆಕ್ಕ ಬದಲಿಸಬೇಕು. ಸಾದಾ ಕ್ಯಾಲಿಪರಿನಲ್ಲಿ ಒಂದು ಚಿಕ್ಕ ಲಿವರ್ ಎತ್ತಿದರೆ ತೋಳು ಅಗಲವಾಗುತ್ತದೆ, ಇವುಗಳಲ್ಲಿ ಹಲವಕ್ಕೆ ಆ ಸೌಲಭ್ಯವೂ ಇಲ್ಲ. ಪ್ಯಾಡ್ ಸಹ ಬದಲಿಸಲೇಬೇಕು. ಅಲ್ಯೂಮಿನಿಯಂ ಮೇಲೆ ಓಡಿದ ಪ್ಯಾಡಿನಲ್ಲಿ ಲೋಹದ ಹುಡಿ ಕಚ್ಚಿಕೊಂಡಿರುತ್ತದೆ, ಅದನ್ನೇ ಕಾರ್ಬನ್ ರಿಮ್ಮಿಗೆ ಹಚ್ಚಿದರೆ ರಿಮ್ ಗೀರುತ್ತದೆ. ಹುಡುಗನಿಗೆ ಎರಡು ಡಬ್ಬಿ ಮಾಡಿಕೊಟ್ಟೆ, ಒಂದೊಂದು ಜೋಡಿ ಚಕ್ರಕ್ಕೆ ಒಂದೊಂದು, ಒಳಗೆ ಅದರ ಪ್ಯಾಡು ಮತ್ತು ವಾಷರು. ಈಗಿನ ಕಾಲದ ಹುಡುಗರಿಗೆ ಫೋನಿನಲ್ಲಿ ಎಲ್ಲ ಬರೆದಿಡುವ ಅಭ್ಯಾಸ. ಆದರೂ ನಾನು ಡಬ್ಬಿಯ ಮೇಲೆ ಪೆನ್ನಿನಿಂದ ಬರೆಸಿದೆ.

ಅವನ ಸೈಕಲ್ ಮುಗಿದಾಗ ಲಿವರ್ ಒಳ್ಳೆ ಬಿಗಿ ಬಂದಿತ್ತು. ಬಡಾವಣೆಯ ಖಾಲಿ ರಸ್ತೆಯಲ್ಲಿ ಗೆರೆ ಎಳೆದು ಓಡಿಸಿ ನೋಡಿದೆವು. ನಿಂತಿತು, ಆದರೆ ಅವನದೇ ಹಳೆಯ ಸಾದಾ ರೋಡ್ ಬೈಕು ಅದಕ್ಕಿಂತ ಮೊದಲೇ ನಿಲ್ಲುತ್ತಿತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗಾಳಿಗೆ ಅಡಗಿಸಲು ತೋಳು ಗಿಡ್ಡ ಮಾಡಿದ, ದಾರಿ ಡೊಂಕು ಮಾಡಿದ ಬ್ರೇಕನ್ನು ಎಷ್ಟೇ ಹೊಂದಿಸಿದರೂ ಒಳ್ಳೆಯ ಸಾದಾ ಕ್ಯಾಲಿಪರಿನ ಹತ್ತಿರ ತರಬಹುದು, ದಾಟಿಸುವುದು ಕಷ್ಟ. ನೇರ ಹೆದ್ದಾರಿಯ ಟೈಮ್ ಟ್ರಯಲ್ಲಿಗೆ ಅಷ್ಟು ಸಾಕು. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಹಟ್ಟಿ ಘಾಟಿನ 36 ಹೇರ್‌ಪಿನ್ ತಿರುವುಗಳನ್ನು ಇಂಥ ಬ್ರೇಕ್ ಹಾಕಿಕೊಂಡು ಇಳಿಯುತ್ತೇನೆಂದರೆ ನಾನು ಬೇಡ ಎನ್ನುತ್ತೇನೆ.

ಈಗ ಈ ತಲೆನೋವೇ ಮುಗಿಯುತ್ತ ಬಂದಿದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2018ರ ಜುಲೈ 1ರಿಂದ ರೋಡ್ ರೇಸಿಗೆ ಡಿಸ್ಕ್ ಬ್ರೇಕನ್ನು ಪೂರ್ತಿ ಒಪ್ಪಿತು. 2020ರಲ್ಲಿ ತದೇಯ್ ಪೊಗಾಚಾರ್ ಟೂರ್ ದ ಫ್ರಾನ್ಸ್ ಗೆದ್ದಾಗ ಅವನ ಸೈಕಲ್‌ನಲ್ಲಿ ಇನ್ನೂ ರಿಮ್ ಬ್ರೇಕೇ ಇತ್ತು, ಆಮೇಲೆ ಅವನೂ ಬದಲಾದ. ಹೊಸ ಟಿಟಿ ಸೈಕಲ್‌ಗಳಲ್ಲಿ ಡಿಸ್ಕ್ ಹಬ್ಬಿನ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಕೂತಿದೆ, ಎಣ್ಣೆಯ ಪೈಪು ಯಾವ ತಿರುವಿಗೂ ಹೆದರುವುದಿಲ್ಲ, ಲಿವರ್ ಬಿಗಿ, ಮಳೆಯಲ್ಲೂ ಹಿಡಿತ. ರಾಡ್ ಬ್ರೇಕಿನ ಗಟ್ಟಿತನ, ವೈರ್ ಬ್ರೇಕಿನ ಬಲ ಎರಡೂ ಒಟ್ಟಿಗೆ ಬಂದಿವೆ. ಬಿಚ್ಚಿ ಜೋಡಿಸಲು ಸಿರಿಂಜು ಬೇಕು, ನನ್ನ ದಬ್ಬಳ, ಕಾನಸುಗಳಿಗೆ ಅಲ್ಲಿ ಕೆಲಸವಿಲ್ಲ. ಅದಕ್ಕೆ ನನಗೆ ಬೇಸರವೇನೂ ಇಲ್ಲ.

ಆದರೆ ದೊಡ್ಡ ಊರುಗಳವರು ಡಿಸ್ಕಿಗೆ ಹೋದಂತೆ ಅವರ ರಿಮ್ ಬ್ರೇಕಿನ ಟಿಟಿ ಸೈಕಲ್‌ಗಳು ಸೆಕೆಂಡ್‌ಹ್ಯಾಂಡಾಗಿ ಅಗ್ಗಕ್ಕೆ ಸಿಗುತ್ತಿವೆ. ಕೊಳ್ಳುತ್ತಿರುವವರು ಬಾಗಲಕೋಟೆ, ವಿಜಯಪುರ, ಗದಗಿನ ಹುಡುಗ ಹುಡುಗಿಯರು. ಅವರಿಗೆ ಹೇಳುವುದಿಷ್ಟು. ಬಣ್ಣ, ಗೇರು, ಚಕ್ರ ನೋಡುವ ಮುಂಚೆ ಎರಡೂ ಲಿವರನ್ನು ಬಲವಾಗಿ ಹಿಡಿದು ನೋಡಿ. ರಿಮ್ಮಿನ ಪಕ್ಕ ಸವೆದು ಗುಳಿಬಿದ್ದಿದೆಯೇ ಬೆರಳಾಡಿಸಿ ನೋಡಿ, ಬಿದ್ದಿದ್ದರೆ ಆ ಚಕ್ರ ಬೇಡ. ಆ ಬ್ರೇಕಿನ ಪ್ಯಾಡ್ ಮತ್ತು ವಾಷರ್ ಈಗಲೂ ಸಿಗುತ್ತವೆಯೇ ವಿಚಾರಿಸಿ. ಮಾರುವವರು 'ಬ್ರೇಕ್ ಸ್ವಲ್ಪ ಮೆತ್ತಗಿದೆ, ಅಡ್ಜಸ್ಟ್ ಮಾಡಿದರೆ ಸರಿಹೋಗುತ್ತದೆ' ಎಂದರೆ, ಹೊಸ ತಂತಿ, ಕುಗ್ಗದ ಔಟರ್ ಮತ್ತು ಅದನ್ನು ಫ್ರೇಮಿನೊಳಗೆ ಓಡಿಸುವ ಕೂಲಿ ಮೂರನ್ನೂ ಹೇಳಿದ ಬೆಲೆಯಲ್ಲಿ ಮುರಿದುಕೊಳ್ಳಿ.